ಮೆಟ್ಟಿಲಿನ ಲೆಕ್ಕ

ಬ್ಯಾಂಕಿನಲ್ಲಿ 35 ವರ್ಷ ಲೆಕ್ಕ ಬರೆದವನು ನಾನು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವಾಗಲೂ ಕೈಗಡಿಯಾರದ ಮೇಲೇ ಕಣ್ಣು. ನಿನ್ನೆಗಿಂತ ಇಂದು ಒಂದು ನಿಮಿಷವಾದರೂ ಉಳಿಯಬೇಕು! ಕಳೆದ ದಸರಾ ರಜೆಯಲ್ಲಿ, ದೊಡ್ಡ ನಂದಿ ಇನ್ನೂ ದೂರವಿರುವಾಗಲೇ ಕಣ್ಣು ಕತ್ತಲಿಟ್ಟು ಕುಸಿದು ಕುಳಿತೆ. ಜೊತೆಗಿದ್ದ ಮೊಮ್ಮಗಳು ಗಾಬರಿಯಿಂದ ಅತ್ತಳು. "ಇನ್ನು ನಿಮ್ಮ ಜೊತೆ ಬರಲ್ಲ ತಾತ" ಎಂದಳು. ಮಂಡಿನೋವಿಗಿಂತ ಅದೇ ಹೆಚ್ಚು ನೋಯಿತು.

ಹೃದಯ ಪರೀಕ್ಷಿಸಿದ ವೈದ್ಯರು ಸುಲಭದ ಅಳತೆ ಹೇಳಿದರು: ಹತ್ತುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಹಾಡು ಬಂದರೆ ವೇಗ ಸಾಲದು. ಮಾತೇ ನಿಂತರೆ ಅತಿಯಾಯಿತು.

ಈಗ ಗಡಿಯಾರ ಮನೆಯಲ್ಲಿ. ಅವಳಿಗೆ ಕಥೆ ಹೇಳುತ್ತಾ ಹತ್ತುತ್ತೇನೆ. ಏದುಸಿರಿಗೆ ಕಥೆ ತುಂಡಾದರೆ ಅಂಗಿ ಜಗ್ಗಿ ಕೂರಿಸುತ್ತಾಳೆ. ಕೊನೆಯ 20 ಮೆಟ್ಟಿಲು ಮಾತ್ರ ತುಸು ಬಿರುಸು (ಹಳೇ ಚಾಳಿ ನೋಡಿ). ಮೊನ್ನೆಯೂ ಅವಳೇ ಮೊದಲು ಮುಟ್ಟಿದಳು.