ಆಸನಗಳ ನಡುವೆ ನಿಂತವರು

ಕೂತು ತಿನ್ನುವವನಿಗೆ ಕುಡಿಕೆ ಹೊನ್ನು ಸಾಲದೆಂದು ಹಿರಿಯರು ಎಚ್ಚರಿಸಿದ್ದಾರೆ. ನಿಂತೇ ದುಡಿಯುವವರ ಕಾಲುಗಳ ವಿಷಯದಲ್ಲಿ ಅವರು ಅಷ್ಟಾಗಿ ಹೇಳಿದಂತಿಲ್ಲ. ಮಹಾನಗರದ ದೊಡ್ಡ ಪೀಠೋಪಕರಣ ಮಳಿಗೆಯಲ್ಲಿ ಸೋಫಾ, ದಿವಾನ, ತೂಗುಕುರ್ಚಿಗಳು ಸಾಲುಸಾಲಾಗಿ ಕಾದಿರುತ್ತವೆ. ಗಿರಾಕಿಗಳು ಒಂದೊಂದರಲ್ಲಿಯೂ ಕುಳಿತು, ಒರಗಿ ಪರೀಕ್ಷಿಸುತ್ತಾರೆ. ಅವುಗಳ ಸುಖವನ್ನು ವರ್ಣಿಸುವ ನೌಕರರು ಮಾತ್ರ ನಿಂತೇ ಇರುತ್ತಾರೆ. ಮಾರಾಟದ ಕುರ್ಚಿಯಲ್ಲಿ ಅವರು ಕುಳಿತರೆ ಅದು ಅಶಿಸ್ತು!

ವಾರಾಂತ್ಯಗಳಲ್ಲಿಯೂ ದಸರಾ-ದೀಪಾವಳಿಯ ದಿನಗಳಲ್ಲಿಯೂ ಇಂತಹ ಮಳಿಗೆಗಳು ಅರೆಕಾಲಿಕ ನೌಕರರನ್ನು ತೆಗೆದುಕೊಳ್ಳುವುದುಂಟು. ಕಾಲೇಜು ವಿದ್ಯಾರ್ಥಿಗಳಿಗೂ, ಮಕ್ಕಳು ದೊಡ್ಡವರಾದ ಗೃಹಿಣಿಯರಿಗೂ ಇದೊಂದು ಅನುಕೂಲ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳೋ ಮರಾಠಿಯೋ ಆಡುವ ನಮ್ಮವರಿಗೆ ಗಿರಾಕಿಗಳೊಡನೆ ಮಾತು ಕಷ್ಟವಲ್ಲ. ‘ನಾಲ್ಕೈದು ತಾಸಿನ ಕೆಲಸ ತಾನೆ’ ಎಂದು ಸೇರುವವರು ಒಂದನ್ನು ಮರೆಯುತ್ತಾರೆ: ಬೆಳಗಿನ ಅಡುಗೆ ನಿಂತೇ, ರೈಲು-ಬಸ್ಸುಗಳ ಪ್ರಯಾಣವೂ ಬಹುಪಾಲು ನಿಂತೇ. ಆ ನಾಲ್ಕೈದು ತಾಸು ಇವುಗಳ ಮೇಲೆ ಬಂದು ಕೂಡಿಕೊಳ್ಳುತ್ತದೆ.

ಪಾದಕ್ಕೆ ಇಳಿದ ರಕ್ತ ಮತ್ತೆ ಹೃದಯಕ್ಕೆ ಏರಬೇಕಾದರೆ ಮೀನಖಂಡದ ಸ್ನಾಯುಗಳ ನೆರವು ಬೇಕು. ನಡೆಯುವಾಗ ಅವು ಸಿರೆಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ಸಿರೆಗಳೊಳಗಿನ ಕವಾಟಗಳು ಅದು ಹಿಂದಕ್ಕೆ ಜಾರದಂತೆ ತಡೆಯುತ್ತವೆ. ಕದಲದೆ ನಿಂತಾಗ ಈ ಪಂಪು ಸ್ತಬ್ಧವಾಗುತ್ತದೆ. ಆಗ ಪಾದದ ಕೀಲಿನ ಬಳಿ ಸಿರೆಗಳ ಒತ್ತಡ ಸುಮಾರು ೮೦ರಿಂದ ೯೦ ಮಿಲಿಮೀಟರ್ ಪಾದರಸದಷ್ಟಿರುತ್ತದೆ. ನಡೆಯತೊಡಗಿದರೆ ೩೦ರ ಆಸುಪಾಸಿಗೆ ಇಳಿಯುತ್ತದೆ. ಆದಕಾರಣ, ಮಳಿಗೆಯ ಉದ್ದಕ್ಕೂ ಓಡಾಡುವವರಿಗಿಂತ ಒಂದೇ ಮೂಲೆಯಲ್ಲಿ ಗಿರಾಕಿಗಾಗಿ ಕಾದು ನಿಲ್ಲುವವರ ಪಾಡು ಹೆಚ್ಚು ಕಷ್ಟದ್ದು.

ಸಂಜೆಯ ಪಾದದೂತ, ಹಿಮ್ಮಡಿಯ ನೋವು ಮೊದಲ ಸೂಚನೆಗಳು. ವರ್ಷಗಳು ಕಳೆದಂತೆ ಕವಾಟಗಳು ಸಡಿಲಗೊಂಡು ಸಿರೆಗಳು ಉಬ್ಬಿ ಸುತ್ತಿಕೊಳ್ಳಬಹುದು. ಇದೇ ವೆರಿಕೋಸ್ ವೇನ್ಸ್. ವಂಶಗುಣ, ಗರ್ಭಧಾರಣೆ, ಸ್ಥೂಲಕಾಯಗಳೂ ಇದಕ್ಕೆ ಕಾರಣವಾಗುವುದುಂಟು. ಅಲಕ್ಷಿಸಿದರೆ ಚರ್ಮ ಕಪ್ಪಾಗಿ, ಬೇಗ ಮಾಯದ ಹುಣ್ಣಾಗುವ ಸಂಭವವಿದೆ. ಒಂದೇ ಕಾಲು ಥಟ್ಟನೆ ಊದಿ ನೋಯತೊಡಗಿದರೆ ಎಣ್ಣೆ ತಿಕ್ಕುತ್ತ ಕಾಲ ಕಳೆಯದೆ ಅಂದೇ ವೈದ್ಯರನ್ನು ಕಾಣತಕ್ಕದ್ದು. ಆಳದ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು.

ನಿಂತಲ್ಲಿಯೇ ಆಗಾಗ ಹಿಮ್ಮಡಿಯನ್ನು ಎತ್ತಿ ಇಳಿಸುವುದು, ಮೆತ್ತನೆಯ ಅಡಿಯ ಪಾದರಕ್ಷೆ ಧರಿಸುವುದು, ಮನೆಗೆ ಬಂದೊಡನೆ ದಿಂಬಿನ ಮೇಲೆ ಕಾಲುಗಳನ್ನು ಎದೆಗಿಂತ ಎತ್ತರದಲ್ಲಿರಿಸಿ ಸ್ವಲ್ಪ ಹೊತ್ತು ಮಲಗುವುದು: ಇವು ಖರ್ಚಿಲ್ಲದ ಉಪಾಯಗಳು. ಬಿಗಿಯಾದ ವೈದ್ಯಕೀಯ ಕಾಲುಚೀಲವನ್ನು ಕೇಳದೆ ಕೊಳ್ಳಬಾರದು. ಮಧುಮೇಹಿಗಳಂತೂ ಮೊದಲು ವೈದ್ಯರನ್ನೇ ವಿಚಾರಿಸಬೇಕು. ಶೌಚಾಲಯ ದೂರವೆಂದು ನೀರು ಕುಡಿಯದಿರುವುದು ಹೆಂಗಸರಲ್ಲಿ ಕಾಣುವ ಇನ್ನೊಂದು ಕೆಟ್ಟ ರೂಢಿ.

ಕುಳಿತುಕೊಳ್ಳುವ ಹಕ್ಕು ದಾನವಾಗಿ ಬಂದದ್ದಲ್ಲ. ಕೋಳಿಕ್ಕೋಡಿನ ಅಂಗಡಿಗಳ ಮಹಿಳಾ ನೌಕರರು ಪಿ. ವಿಜಿ ಅವರ ಮುಂದಾಳತ್ವದಲ್ಲಿ ವರ್ಷಗಟ್ಟಲೆ ಹೋರಾಡಿದ ಬಳಿಕ ಕೇರಳವು ೨೦೧೮ರಲ್ಲಿ ತನ್ನ ಕಾನೂನನ್ನು ತಿದ್ದಿತು. ತಮಿಳುನಾಡು ೨೦೨೧ರಲ್ಲಿ ಅದೇ ದಾರಿ ಹಿಡಿದು, ಕೆಲಸದ ನಡುವೆ ಬಿಡುವು ಸಿಕ್ಕಾಗ ಕೂರಲು ಎಲ್ಲ ನೌಕರರಿಗೂ ಆಸನವಿರಬೇಕೆಂದು ವಿಧಿಸಿತು. ಚೆನ್ನೈಯ ಕನ್ನಡಿಗರು ಇದನ್ನು ತಿಳಿದಿರಬೇಕು.

ಇನ್ನೊಂದು ಸಣ್ಣ ಲೆಕ್ಕವಿದೆ. ಇ.ಎಸ್.ಐ. ಯೋಜನೆಗೆ ಒಳಪಟ್ಟ ಮಳಿಗೆಯಲ್ಲಿ ಅರೆಕಾಲಿಕರಿಗೂ ವಿಮೆಯುಂಟು. ೨೦೧೯ರ ಜುಲೈ ತಿಂಗಳಿಂದ ಜಾರಿಗೆ ಬಂದ ದರದಂತೆ, ತಿಂಗಳಿಗೆ ೧೨,೦೦೦ ರೂಪಾಯಿ ಪಡೆಯುವವರ ವಂತಿಗೆ ೯೦ ರೂಪಾಯಿ, ಮಾಲೀಕರದು ೩೯೦. ಕಾಯಿಲೆ ಬಿದ್ದಾಗ ಕೂಲಿಯ ಶೇಕಡ ೭೦ರಷ್ಟು ನಗದು ದೊರೆಯಬೇಕಾದರೆ, ಆರು ತಿಂಗಳ ವಂತಿಗೆಯ ಅವಧಿಯಲ್ಲಿ ೭೮ ದಿನಗಳ ವಂತಿಗೆ ಸಂದಿರಬೇಕು. ಆರು ತಿಂಗಳಿಗೆ ೨೬ ವಾರ. ಶನಿವಾರ, ಭಾನುವಾರ ಮಾತ್ರ ಹೋಗಿ ಆ ದಿನಗಳ ಕೂಲಿಯನ್ನಷ್ಟೇ ಪಡೆಯುವವರ ಲೆಕ್ಕ ೫೨ಕ್ಕೆ ನಿಲ್ಲುತ್ತದೆ. ವಾರಕ್ಕೆ ಮೂರು ದಿನವಾದರೆ ಸರಿಯಾಗಿ ೭೮. ಕೆಲಸಕ್ಕೆ ಸೇರುವ ದಿನವೇ ಸಂಬಳದೊಡನೆ ಈ ಮೂರನೆಯ ದಿನವನ್ನೂ, ಕೂರಲೊಂದು ಸ್ಟೂಲನ್ನೂ ಕೇಳಿ ಪಡೆಯುವುದು ಲೇಸು.