ಗೋಧಿ ಎಲೆ ಹಳದಿಯಾದರೆ ಯೂರಿಯಾ ಒಂದೇ ಮದ್ದಲ್ಲ: ಸಾರಜನಕ, ಸತು, ಮ್ಯಾಂಗನೀಸ್ ಯಾವಾಗ, ಎಷ್ಟು ಕೊಡಬೇಕು?

ಪಂಜಾಬ್, ಹರಿಯಾಣದಲ್ಲಿ ನವೆಂಬರ್‌ನಲ್ಲಿ ಬಿತ್ತಿದ ಗೋಧಿ ಡಿಸೆಂಬರ್–ಜನವರಿ ವೇಳೆಗೆ ಕೆಲವೆಡೆ ಹಳದಿ ತಿರುಗುವುದುಂಟು. ಆಗ ರೈತರ ಕೈ ಮೊದಲು ಹೋಗುವುದು ಯೂರಿಯಾ ಚೀಲಕ್ಕೆ. ಸಬ್ಸಿಡಿ ಇರುವುದರಿಂದ 45 ಕೆಜಿ ಚೀಲ ಸುಮಾರು 266 ರೂಪಾಯಿಗೆ ಸಿಗುತ್ತದೆ. ಆದರೆ ಹಳದಿಗೆ ಕಾರಣ ಸಾರಜನಕದ ಕೊರತೆಯೇ ಆಗಿರಬೇಕಿಲ್ಲ. ಕಾರಣ ಬೇರೆಯಾಗಿದ್ದರೆ ಹೆಚ್ಚುವರಿ ಯೂರಿಯಾದಿಂದ ಖರ್ಚು ಏರುತ್ತದೆ, ಇಳುವರಿ ಏರುವುದಿಲ್ಲ.

ಹಳದಿ ಎಲ್ಲಿ ಶುರುವಾಗಿದೆ ನೋಡಿ

* ಸಾರಜನಕ ಕೊರತೆ: ಕೆಳಗಿನ ಹಳೆಯ ಎಲೆಗಳು ತುದಿಯಿಂದ ಹಳದಿಯಾಗುತ್ತಾ ಬರುತ್ತವೆ.
* ಗಂಧಕ ಕೊರತೆ: ಮೇಲಿನ ಎಳೆಯ ಎಲೆಗಳು ಮೊದಲು ಬಣ್ಣ ಕಳೆದುಕೊಳ್ಳುತ್ತವೆ.
* ಸತು (ಜಿಂಕ್) ಕೊರತೆ: ಗಿಡ ಗಿಡ್ಡವಾಗಿ ಪೊದೆಯಂತಾಗುತ್ತದೆ. ಎಲೆಯ ನಡುಭಾಗ ಬಿಳಿಚಿಕೊಂಡು, ಅಲ್ಲೇ ಮುರಿದು ಜೋತುಬೀಳುತ್ತದೆ.
* ಮ್ಯಾಂಗನೀಸ್ ಕೊರತೆ: ನಡುವಿನ ಎಲೆಗಳ ನರ ಹಸಿರಾಗಿದ್ದು, ನರಗಳ ಮಧ್ಯೆ ಬೂದು-ಹಳದಿ ಚುಕ್ಕೆ, ಗೆರೆಗಳು ಕಾಣುತ್ತವೆ.
* ಹಳದಿ ತುಕ್ಕು ರೋಗ: ಎಲೆ ಉಜ್ಜಿದರೆ ಬೆರಳಿಗೆ ಹಳದಿ ಪುಡಿ ಅಂಟುತ್ತದೆ. ಇದು ಶಿಲೀಂಧ್ರ ರೋಗ. ಗೊಬ್ಬರದಿಂದ ವಾಸಿಯಾಗದು.

ಗದ್ದೆಯಲ್ಲಿ ನೀರು ನಿಂತರೂ ಬೆಳೆ ಹಳದಿಯಾಗಬಹುದು.

ಯೂರಿಯಾ: ಪ್ರಮಾಣದಷ್ಟೇ ಸಮಯವೂ ಮುಖ್ಯ

ಮಧ್ಯಮ ಫಲವತ್ತತೆಯ ಮಣ್ಣಿಗೆ ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಎಕರೆಗೆ 50 ಕೆಜಿ ಸಾರಜನಕ. ಯೂರಿಯಾದಲ್ಲಿ ಶೇ 46ರಷ್ಟು ಸಾರಜನಕ ಇರುವುದರಿಂದ ಇದು ಸುಮಾರು 110 ಕೆಜಿ ಯೂರಿಯಾಗೆ ಸಮ. ಬಿತ್ತನೆ ವೇಳೆ ಡಿಎಪಿ ಹಾಕಿದ್ದರೆ ಅದರ ಶೇ 18 ಸಾರಜನಕವನ್ನು ಇದರಲ್ಲಿ ಕಳೆಯಬೇಕು. 50 ಕೆಜಿಯ ಒಂದು ಚೀಲ ಡಿಎಪಿಯಿಂದಲೇ 9 ಕೆಜಿ ಸಾರಜನಕ ಸಿಗುತ್ತದೆ.

ಎಲ್ಲವನ್ನೂ ಒಮ್ಮೆಲೇ ಹಾಕಿದರೆ ಒಂದು ಪಾಲು ಅಮೋನಿಯಾ ಆಗಿ ಗಾಳಿಗೆ, ಇನ್ನೊಂದು ಪಾಲು ನೈಟ್ರೇಟ್ ಆಗಿ ಅಂತರ್ಜಲಕ್ಕೆ ಸೇರುತ್ತದೆ. ಹಾಗಾಗಿ ಕಂತುಗಳಲ್ಲಿ ಕೊಡಬೇಕು. ಬಿತ್ತಿದ 20–25 ದಿನಕ್ಕೆ ಮುಖ್ಯ ಬೇರುಗಳು ಮೂಡುವಾಗ ಕೊಡುವ ಮೊದಲ ನೀರಾವರಿ ಒಂದು ಪ್ರಮುಖ ಹಂತ. ಮತ್ತೊಂದು ಎರಡನೇ ನೀರಾವರಿ. ಆ ವೇಳೆಗೆ ಎಲೆಯನ್ನು ಬಣ್ಣದ ಪಟ್ಟಿಗೆ (ಲೀಫ್ ಕಲರ್ ಚಾರ್ಟ್) ಹೋಲಿಸಿ ನೋಡಿದರೆ ಎಷ್ಟು ಯೂರಿಯಾ ಬೇಕೆಂದು ಗೊತ್ತಾಗುತ್ತದೆ.

ಅತಿಯಾದರೆ ಬೆಳೆ ಸೊಂಪಾಗಿ ಕಂಡರೂ ಗಾಳಿ-ಮಳೆಗೆ ನೆಲಕ್ಕೊರಗುತ್ತದೆ. ರೋಗ, ಹೇನುಗಳ ಕಾಟವೂ ಹೆಚ್ಚು.

ಸತು, ಮ್ಯಾಂಗನೀಸ್ ಕೊಡುವುದು ಹೇಗೆ?

ಕ್ಷಾರೀಯ, ಸುಣ್ಣದಂಶ ಹೆಚ್ಚಿರುವ ಮಣ್ಣಿನಲ್ಲಿ ಸತು ಇದ್ದರೂ ಬೇರಿಗೆ ಸಿಗುವುದಿಲ್ಲ. ಮಣ್ಣು ಪರೀಕ್ಷೆಯಲ್ಲಿ ಕೊರತೆ ಕಂಡರೆ ಬಿತ್ತನೆಗೆ ಮುನ್ನ ಜಿಂಕ್ ಸಲ್ಫೇಟ್ ಹಾಕಬೇಕು. ಆದರೆ ಡಿಎಪಿ ಜತೆ ಬೆರೆಸಬಾರದು. ರಂಜಕದೊಂದಿಗೆ ಸೇರಿದ ಸತು ಗಿಡಕ್ಕೆ ದಕ್ಕುವುದಿಲ್ಲ. ನಿಂತ ಬೆಳೆಯಲ್ಲಿ ಕೊರತೆ ಕಂಡರೆ 200 ಲೀಟರ್ ನೀರಿಗೆ 1 ಕೆಜಿ ಜಿಂಕ್ ಸಲ್ಫೇಟ್, ಅರ್ಧ ಕೆಜಿ ಸುಣ್ಣ ಸೇರಿಸಿ ಎಕರೆಗೆ ಸಿಂಪಡಿಸಬಹುದು.

ಭತ್ತದ ನಂತರ ಗೋಧಿ ಬೆಳೆಯುವ ಮರಳು ಮಿಶ್ರಿತ ಮಣ್ಣಿನಲ್ಲಿ ಮ್ಯಾಂಗನೀಸ್ ಕೊರತೆ ಸಾಮಾನ್ಯ. ಗದ್ದೆಯಲ್ಲಿ ತಿಂಗಳುಗಟ್ಟಲೆ ನೀರು ನಿಂತಾಗ ಮ್ಯಾಂಗನೀಸ್ ಕರಗಿ ಕೆಳಕ್ಕಿಳಿಯುವುದೇ ಕಾರಣ. ಇದಕ್ಕೆ ಮಣ್ಣಿಗೆ ಹಾಕುವುದಕ್ಕಿಂತ ಎಲೆಗೆ ಸಿಂಪಡಿಸುವುದು ಪರಿಣಾಮಕಾರಿ. 200 ಲೀಟರ್ ನೀರಿಗೆ 1 ಕೆಜಿ ಮ್ಯಾಂಗನೀಸ್ ಸಲ್ಫೇಟ್ ಬೆರೆಸಿ, ಮೊದಲ ನೀರಾವರಿಗೆ 2–4 ದಿನ ಮುನ್ನ ಒಮ್ಮೆ, ನಂತರ ವಾರಕ್ಕೊಮ್ಮೆಯಂತೆ ಎರಡು-ಮೂರು ಬಾರಿ ಬಿಸಿಲಿರುವ ದಿನ ಸಿಂಪಡಿಸಬೇಕು.

ಚಪಾತಿ ತಿನ್ನುವವರಿಗೂ ಸಂಬಂಧವಿದೆ

ಕಾಳು ಕಟ್ಟುವ ಹಂತದಲ್ಲಿ ಎಲೆಗೆ ಸಿಂಪಡಿಸಿದ ಸತು ಕಾಳಿಗೂ ಸೇರುತ್ತದೆ. ಹೆಚ್ಚು ಸತು ಇರುವ ತಳಿಗಳೂ ಬಂದಿವೆ. ಕರ್ನಾಲ್‌ನ ಗೋಧಿ ಮತ್ತು ಬಾರ್ಲಿ ಸಂಶೋಧನಾ ಸಂಸ್ಥೆಯ ‘ಡಬ್ಲ್ಯುಬಿ 02’ ಅಂಥದ್ದೊಂದು.

ರೈತರು ಮೊದಲು ಮಾಡಬೇಕಾದ ಕೆಲಸ ಮಣ್ಣು ಪರೀಕ್ಷೆ. ಮಣ್ಣು ಆರೋಗ್ಯ ಕಾರ್ಡ್‌ನಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ಜತೆಗೆ ಸತು, ಮ್ಯಾಂಗನೀಸ್ ಪ್ರಮಾಣವೂ ಇರುತ್ತದೆ. ಇನ್ನೊಂದು ಚೀಲ ಯೂರಿಯಾ ತರುವ ಮುನ್ನ ಆ ಸಾಲುಗಳನ್ನು ನೋಡುವುದು ಒಳಿತು.