ಎದ್ದು ನಿಂತರೆ ಎದೆ ಡವಡವ

ಪ್ರಶ್ನೆ: ಎದ್ದು ನಿಂತರೆ ಮಗಳಿಗೆ ಎದೆ ಡವಡವ, ಕಣ್ಣು ಕತ್ತಲೆ. ಡಾಕ್ಟರು ‘ಪಾಟ್ಸ್’ ಇರಬಹುದು ಅಂದರು. ತೋಟದ ಎಳನೀರು ಕೊಟ್ಟರೆ ಸಾಕೇ? (ತುರುವೇಕೆರೆಯಿಂದ)

ಉತ್ತರ: ಸಾಲದು. ನಿಂತಾಗ ರಕ್ತ ಕಾಲು, ಹೊಟ್ಟೆಯ ಕಡೆ ಇಳಿಯುತ್ತದೆ. ರಕ್ತನಾಳಗಳು ಬಿಗಿದು ಅದನ್ನು ಮೇಲಕ್ಕೆ ತಳ್ಳಬೇಕು. ಪಾಟ್ಸ್‌ನಲ್ಲಿ ಆ ಹಿಡಿತ ತಪ್ಪಿ ಹೃದಯ ಓಡತೊಡಗುತ್ತದೆ. ನಿಂತ 10 ನಿಮಿಷದೊಳಗೆ ನಾಡಿಬಡಿತ ನಿಮಿಷಕ್ಕೆ 30ರಷ್ಟು, ಹದಿಹರೆಯದವರಲ್ಲಿ 40ರಷ್ಟು ಏರಿ, ಬಿಪಿ ಮಾತ್ರ ಅಷ್ಟಾಗಿ ಇಳಿಯದೆ, ತೊಂದರೆ 3 ತಿಂಗಳು ದಾಟಿದ್ದರೆ ಅನುಮಾನ ಗಟ್ಟಿ. ರಕ್ತಹೀನತೆ, ಥೈರಾಯ್ಡ್ ಮೊದಲು ಪರೀಕ್ಷೆ ಮಾಡಿಸಿ.

ಎಳನೀರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಇಲ್ಲಿ ಬೇಕಾದದ್ದು ಉಪ್ಪು. ಡಾಕ್ಟರು ಒಪ್ಪಿದರೆ ಉಪ್ಪು ಬೆರೆಸಿದ ಮಜ್ಜಿಗೆ, ದಿನಕ್ಕೆ 2–3 ಲೀಟರ್ ನೀರು ಕೊಡಿ. ಮನೆಯಲ್ಲಿ ಯಾರೂ ಈ ತೊಂದರೆಯನ್ನು ಸೋಮಾರಿತನ ಅನ್ನದಿರಲಿ. ಆ ಮಾತು ಮಕ್ಕಳನ್ನು ಕುಗ್ಗಿಸುತ್ತದೆ. ಹಾಸಿಗೆಯಿಂದ ಏಳುವಾಗ ಸ್ವಲ್ಪ ಹೊತ್ತು ಕೂತು, ಆಮೇಲೆ ನಿಲ್ಲಲಿ.